ಅರವಟ್ಟಿಗೆ

ನೀವು ಕೇಳಿದ ಲೆಕ್ಕ ಇಲ್ಲಿದೆ, ಸಾಹೇಬರೆ.
ವಿನಿಪೆಗ್, ಉತ್ತರದ ಶಾಖೆ, ಜನವರಿ ತಿಂಗಳು.
ಪುಸ್ತಕಕ್ಕೆ ಬಂದವರೆಷ್ಟು, ಬರೀ ಕರೆಂಟಿಗೆ ಬಂದವರೆಷ್ಟು,
ಎರಡು ಕಲಮಿನಲ್ಲಿ ಬೇರೆ ಬೇರೆ ಬರೆಯಿರಿ ಎಂದಿದ್ದೀರಿ.
ಕೂತೆ. ಗೆರೆ ಎಳೆದೆ.
ಗೆರೆ ಸೊಟ್ಟಗಾಯಿತು.

ಮೊದಲು ಸಲಕರಣೆಯ ವಿಷಯ.
ಪತ್ರಿಕೆಗಳ ಮೇಜಿನ ಹಿಂದೆ, ಗೋಡೆಯಲ್ಲಿ, ಎಂಟು ಸಾಕೆಟ್ಟು;
ಮೂರಕ್ಕೆ ಜೀವವಿಲ್ಲ, ದೂರು ಕೊಟ್ಟು ಎರಡು ವರ್ಷ.
ಆರನೆಯದು ಸಿಡುಕಿನದು, ಪ್ಲಗ್ಗಿನ ಕೆಳಗೆ
ಮಡಚಿದ ರಟ್ಟು ಇಟ್ಟರೆ ಮಾತ್ರ ಒಪ್ಪುತ್ತದೆ.
ನನ್ನ ಡ್ರಾಯರಿನಲ್ಲಿ ಹದಿನಾಲ್ಕು ವಯರು,
ಯಾರೋ ಮರೆತದ್ದು, ಯಾರೋ ಬೇಡವೆಂದು ಬಿಟ್ಟದ್ದು,
ತೆರೆದರೆ ಹಾವಾಡಿಗನ ಬುಟ್ಟಿ.
ಕಾರ್ಡು ಒತ್ತೆ ಇಟ್ಟು ಒಯ್ಯಬೇಕೆಂದು ನಿಯಮ.
ಕಾರ್ಡಿಲ್ಲದವರು ಒಂದು ಕೈಗವಸು ಇಡುತ್ತಾರೆ;
ಮೈನಸ್ ಮೂವತ್ತರಲ್ಲಿ ಒಂಟಿ ಕೈಗವಸಿನೊಂದಿಗೆ
ಯಾರೂ ದೂರ ಹೋಗಲಾರರು.

ಫೋನು ಇಲ್ಲಿ ಮನುಷ್ಯರಿಗಿಂತ ಮೊದಲು ಸಾಯುತ್ತದೆ.
ನಲವತ್ತು ಪರ್ಸೆಂಟ್ ತೋರಿಸುತ್ತಿದ್ದದ್ದು
ಬಸ್ಸಿಗೆ ಕಾಯುವಾಗಲೇ ಕಪ್ಪಾಗುತ್ತದೆ.
ಕಂಕುಳಲ್ಲಿಟ್ಟು ಕಾವು ಕೊಡುತ್ತಾ ಬರುತ್ತಾರೆ,
ಮೊಟ್ಟೆ ತಂದ ಹಾಗೆ.

ಲಿಗಾಯಾ ಬರುತ್ತಾಳೆ, ಆಸ್ಪತ್ರೆಯ ನೆಲ ಒರೆಸಿ,
ರಾತ್ರಿಪಾಳಿಯ ವಾಸನೆ ಇನ್ನೂ ಕೋಟಿನಲ್ಲಿ.
ಇಲೊಯಿಲೊದಲ್ಲಿ ಮಗಳು ನಿದ್ದೆ ತಡೆದು ಕೂತಿದ್ದಾಳೆ.
ಇಲ್ಲಿ ಸದ್ದು ಮಾಡಬಾರದಲ್ಲ,
ತಾಯಿ ಬರೀ ತುಟಿಯಲ್ಲಿ ಜೋಗುಳ ಹೇಳುತ್ತಾಳೆ,
ಮಗಳು ತುಟಿ ನೋಡಿ ಓದಿಕೊಳ್ಳುತ್ತಾಳೆ.
ಇವಳನ್ನು ಯಾವ ಕಲಮಿಗೆ ಹಾಕಲಿ?

ಮುದುಕ ವಾಸಿಲ್ ಕಿವಿಯ ಯಂತ್ರವನ್ನು ಚಾರ್ಜಿಗಿಟ್ಟು
ಒಂದು ಗಂಟೆ ಪೂರಾ ಕಿವುಡನಾಗಿ ಕೂರುತ್ತಾನೆ.
ದಿನದಲ್ಲಿ ಆ ಗಂಟೆಯೇ ಅವನಿಗೆ ಇಷ್ಟವಂತೆ.

ಬಾಯಾರಿ ಬಂದವರಿಗೆ ನೀರಿನ ತಂಬಿಗೆ ತೋರಿಸಿ
ಎಷ್ಟು ಗುಟುಕು, ಯಾತಕ್ಕೆ, ಯಾವ ಊರು
ಎಂದು ಕೇಳುವ ಪದ್ಧತಿ ನನಗೆ ಗೊತ್ತಿಲ್ಲ.
ಕಲಿಸಿದರೆ ಕಲಿಯುವ ವಯಸ್ಸೂ ಅಲ್ಲ.

ಇನ್ನು ಎಲ್ಜಿನ್.
ಐದು ಗಂಟೆಗೆ ತಂಗುದಾಣದಿಂದ ಮೆಸೇಜು ಬರಬೇಕು:
ಇವತ್ತು ಹಾಸಿಗೆ ಇದೆ, ಅಥವಾ ಇಲ್ಲ.
ಫೋನು ಸತ್ತಿದ್ದರೆ ಹಾಸಿಗೆ ಮುಂದಿನವನಿಗೆ.
ಕಾಯುವಾಗ ನೋಡಲೆಂದು ಅವನ ಮುಂದೆ
ಕೆರೆಮೀನುಗಳ ಪುಸ್ತಕ ತೆರೆದಿಟ್ಟೆ.
ಓದಿದ ಎಂದು ಸುಳ್ಳು ಬರೆಯಲಾರೆ.
ಪುಸ್ತಕ ತಲೆದಿಂಬಾಯಿತು, ಗೊರಕೆ ಬಂತು.
ನಿಮ್ಮ ನಿಯಮದಲ್ಲಿ ನಿದ್ದೆಗೆ ಅವಕಾಶವಿಲ್ಲ;
ನನಗೆ ಆ ಹೊತ್ತಿಗೆ ಕಪಾಟಿನ ಹಿಂದೆ ಕೆಲಸವಿತ್ತು.

ಐದು ಗಂಟೆ ಮೂರು ನಿಮಿಷಕ್ಕೆ ಫೋನು ನಡುಗಿತು.
ದಡಕ್ಕನೆ ಎದ್ದ. ಓದಿದ. ನಕ್ಕ.
ನನಗೂ ತೋರಿಸಿದ: ಹೊಸ ಫೋನು ಕೊಳ್ಳಿರಿ,
ಒಮ್ಮೆ ಚಾರ್ಜು ಮಾಡಿದರೆ ಎರಡು ದಿನ ಬರುತ್ತದೆ.
ಇಬ್ಬರೂ ನಕ್ಕೆವು, ಲೈಬ್ರರಿಯಲ್ಲಿ ನಗಬಾರದಷ್ಟು.

ಐದೂವರೆಗೆ ದೀಪ ಆರಿಸಿದೆ,
ಸಾಕೆಟ್ಟಿನ ಸ್ವಿಚ್ಚು ಆರಿಸಲಿಲ್ಲ.
ಕತ್ತಲಲ್ಲಿ ಕೂತೆವು, ಆ ಪುಟ್ಟ ಹಸಿರು ಚುಕ್ಕೆ ನೋಡುತ್ತಾ.
ಆರಕ್ಕೂ ಸುದ್ದಿ ಬರಲಿಲ್ಲ.
ಎಪ್ಪತ್ತೊಂದು ಆಗಿದೆ, ಸಾಕು, ಎಂದ,
ಕಂಕುಳಿಗೆ ಸೇರಿಸಿಕೊಂಡು ಹೊರಟ.

ಈ ಹೆಚ್ಚುವರಿ ಅರ್ಧ ಗಂಟೆಯ ಬಿಲ್ಲು
ನನ್ನ ಸಂಬಳದಲ್ಲಿ ಹಿಡಿಯಬಹುದು.

ಒಟ್ಟು, ಜನವರಿ: ಓದುಗರು ನಾನೂರ ಹನ್ನೆರಡು.
ಎರಡನೇ ಕಲಮು ಖಾಲಿ ಬಿಟ್ಟಿದ್ದೇನೆ.

ಮತ್ತೊಂದು ಮಾತು. ಬೀಗ ಹಾಕುವಾಗ ಡ್ರಾಯರು ತೆರೆದೆ:
ಎಡಗೈಯ ಕೈಗವಸು, ಕಂದು ಉಣ್ಣೆ, ಹೆಬ್ಬೆರಳು ಹರಿದದ್ದು.
ಓಡಿದೆ. ಬಸ್ಸು ಹೊರಟಿತ್ತು.
ಅವನ ನಂಬರು ನನ್ನಲ್ಲಿಲ್ಲ.

ಮೂರು ಸಾಕೆಟ್ಟಿನ ರಿಪೇರಿ ಬೇಗ ಆಗಲಿ.
ಇಂತಿ, ಒರಿಸ್ಯಾ ಹ್ನಾತ್ಯುಕ್.